ಆದಿಪುರಾಣದ ಮೂರು ಚಕ್ರಗಳು

೧

ಪಂಪಕವಿಯು ಶಕ ೮೬೩ರಲ್ಲಿ, ಎಂದರೆ ಕ್ರಿ. ಶ. ೯೪೧ರಲ್ಲಿ, ರಚಿಸಿದ ಆದಿಪುರಾಣವು ಹದಿನಾರು ಆಶ್ವಾಸಗಳ ಚಂಪೂಕಾವ್ಯ. ಈ ಗ್ರಂಥದಲ್ಲಿ ಕಾವ್ಯಧರ್ಮವನ್ನೂ ಧರ್ಮವನ್ನೂ ಅರಿಯಬಹುದೆಂಬ ಅಭಿಪ್ರಾಯವನ್ನು ಕವಿಯೇ ಸೂಚಿಸಿರುವನು. ಈ ಸೂಚನೆಯನ್ನು ಹಿಡಿದು ಗ್ರಂಥವನ್ನು ಎರಡು ಪಾಲಾಗಿ ಮಾಡಿ ಓದುವ ವಾಡಿಕೆಯು ವಿಮರ್ಶಕರಲ್ಲಿ ಬೆಳೆದುಬಂದಿದೆ. ಲಲಿತಾಂಗ ಸ್ವಯಂಪ್ರಭೆಯರ ಪ್ರಣಯ, ವಜ್ರಜಂಘ ಶ್ರೀಮತಿಯರ ಮರಣ, ನೀಲಾಂಜನೆಯ ನೃತ್ಯ, ಭರತ ಬಾಹುಬಲಿಗಳ ಕಲಹ, ಇವು ಕಾವ್ಯದ ಪಾಲಿಗೆ ಸೇರಿದುವು; ಕಾಲಚಕ್ರದ ನಿರೂಪಣೆ, ಕುಲಕರರ ವೃತ್ತಾಂತ, ಸಮವಸರಣದ ವರ್ಣನೆ, ಇವು ಶಾಸ್ತ್ರದ ಪಾಲಿಗೆ ಸೇರಿದುವು. ಮೊದಲನೆಯ ಪಾಲು ಸಂಕಲನಗಳಲ್ಲಿಯೂ ಪಾಠಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು; ಎರಡನೆಯದನ್ನು ವಾಚಕರು ಸಾಮಾನ್ಯವಾಗಿ ದಾಟಿಹೋಗುವರು.

ಈ ವಿಭಾಗವು ಓದುವವರಿಗೆ ಅನುಕೂಲವಾದರೂ ಕೃತಿಯ ಅರ್ಥಕ್ಕೆ ಹಾನಿಯನ್ನುಂಟುಮಾಡಿದೆ. ಕಾಲಚಕ್ರದ ಭಾಗವನ್ನು ಬಿಟ್ಟು ಓದಿದರೆ ನೀಲಾಂಜನೆಯ ಪ್ರಸಂಗವು ಒಂದು ಮನೋಹರವಾದ ಚಿತ್ರವಾಗಿಯೂ, ಭರತ ಬಾಹುಬಲಿಗಳ ಪ್ರಸಂಗವು ಒಂದು ಉದಾತ್ತವಾದ ಕಥೆಯಾಗಿಯೂ ಉಳಿಯುವುವು. ಅವೆರಡರ ನಡುವಣ ಸಂಬಂಧ ಮಾತ್ರ ಕಾಣದೆ ಹೋಗುವುದು. ಒಳಿತು ಎಲ್ಲಿ ಹುಟ್ಟುವುದು, ಕೆಡುಕು ಎಲ್ಲಿಂದ ಬರುವುದು, ಮನುಷ್ಯನ ಆತ್ಮವು ಎಚ್ಚರಗೊಳ್ಳುವುದು ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಪಂಪನ ಉತ್ತರವು ಆ ಬಿಟ್ಟುಹೋದ ಭಾಗದಲ್ಲಿಯೇ ಇದೆ. ಕಾವ್ಯದಲ್ಲಿ ಮೂರು ಚಕ್ರಗಳು ತಿರುಗುತ್ತವೆ: ಕಾಲಚಕ್ರ, ಭರತನ ಚಕ್ರರತ್ನ, ಆದಿದೇವನ ಧರ್ಮಚಕ್ರ. ಇವುಗಳ ಪರಸ್ಪರ ಸಂಬಂಧವನ್ನು ಗಮನಿಸಿದರೆ ಶಾಸ್ತ್ರವೂ ಕಾವ್ಯವೂ ಒಂದೇ ಎರಕದಲ್ಲಿ ಹೊಯ್ದುವೆಂಬುದು ತಿಳಿದುಬರುವುದು.

೨

ಜೈನಾಗಮದ ಪ್ರಕಾರ ಕಾಲವು ಇಳಿಯುವ ಅವಸರ್ಪಿಣಿ, ಏರುವ ಉತ್ಸರ್ಪಿಣಿ ಎಂದು ಎರಡು ಭಾಗವಾಗಿ ಎಡೆಬಿಡದೆ ತಿರುಗುತ್ತದೆ. ಒಂದೊಂದರಲ್ಲಿಯೂ ಆರಾರು ಕಾಲಗಳುಂಟು. ಅವಸರ್ಪಿಣಿಯ ಮೊದಲ ಕಾಲವಾದ ಸುಷಮಸುಷಮವು ೪ ಕೋಡಾಕೋಡಿ ಸಾಗರೋಪಮ, ಎರಡನೆಯದು ೩, ಮೂರನೆಯದು ೨. ನಾಲ್ಕನೆಯದು ೪೨,೦೦೦ ವರ್ಷ ಕಡಮೆಯಾದ ೧ ಕೋಡಾಕೋಡಿ. ಐದನೆಯದೂ ಆರನೆಯದೂ ತಲಾ ೨೧,೦೦೦ ವರ್ಷ. ವೈದಿಕಪುರಾಣಗಳ ಯುಗಮಾನವನ್ನು ಇದರೊಡನೆ ಇಟ್ಟು ನೋಡಿದರೆ ಒಂದು ಸಾಮ್ಯವು ಒಡನೆಯೇ ಕಣ್ಣಿಗೆ ಬೀಳುವುದು. ಕೃತಯುಗ ೧೭,೨೮,೦೦೦, ತ್ರೇತಾಯುಗ ೧೨,೯೬,೦೦೦, ದ್ವಾಪರಯುಗ ೮,೬೪,೦೦೦, ಕಲಿಯುಗ ೪,೩೨,೦೦೦ ವರ್ಷಗಳು. ಇಲ್ಲಿಯೂ ಪ್ರಮಾಣವು ನಾಲ್ಕು, ಮೂರು, ಎರಡು, ಒಂದು ಎಂದೇ ಇಳಿಯುತ್ತದೆ. ಆಯುಷ್ಯ, ಬಲ, ಸದ್ಗುಣಗಳು ಕಾಲಕ್ರಮದಲ್ಲಿ ಕುಗ್ಗುವುವೆಂಬುದು ಎರಡು ಪರಂಪರೆಗಳಿಗೂ ಸಮಾನವಾದ ನಂಬುಗೆ.

ಆದರೆ ಭೇದವು ಸಾಮ್ಯಕ್ಕಿಂತ ಮುಖ್ಯವಾದುದು. ಪುರಾಣಗಳಲ್ಲಿ ಕಲಿಯುಗದ ಕೊನೆಗೆ ಕಲ್ಕಿಯ ಅವತಾರವಾಗಿ, ದುಷ್ಟರು ನಾಶವಾಗಿ, ಕೃತಯುಗವು ಮರಳಿ ಬರುವುದು. ಜೈನರ ಚಕ್ರದಲ್ಲಿ ಹಾಗೆ ಕೈಹಿಡಿದೆತ್ತುವ ಅವತಾರಪುರುಷನಿಲ್ಲ. ಇಳಿದ ಮೆಟ್ಟಲುಗಳನ್ನೇ ಒಂದೊಂದಾಗಿ ಏರಬೇಕು. ಲೋಕವನ್ನು ಕೆಡಿಸುವ ಮಹಾಶತ್ರುವೂ ಅಲ್ಲಿ ಇಲ್ಲ. ಆದುದರಿಂದಲೇ ಆದಿಪುರಾಣದಂತಹ ದೊಡ್ಡ ಕಾವ್ಯದಲ್ಲಿ ನಾಯಕನಿಗೆ ಎದುರಾಗಿ ನಿಲ್ಲುವ ಪ್ರತಿನಾಯಕನೇ ಇಲ್ಲ. ಕೆಡುಕನ್ನು ಹೊರಗೆ ತೋರಿಸಲು ರಾಕ್ಷಸನೊಬ್ಬನು ಇಲ್ಲದಿರುವಾಗ ಕವಿಯು ಅದನ್ನು ಒಳಗೆ, ಕ್ರೋಧ ಮಾನ ಮಾಯೆ ಲೋಭಗಳೆಂಬ ಕಷಾಯಗಳಲ್ಲಿ, ತೋರಿಸಬೇಕಾಗುವುದು. ಇದು ಪಂಪನಿಗೆ ತೊಡಕಾಗಿ ಒದಗಿ ಬಲವಾಗಿ ಪರಿಣಮಿಸಿದೆ.

೩

ಮೊದಲ ಮೂರು ಕಾಲಗಳು ಭೋಗಭೂಮಿಯ ಕಾಲಗಳು. ಹತ್ತು ಬಗೆಯ ಕಲ್ಪವೃಕ್ಷಗಳು ಅನ್ನ, ವಸ್ತ್ರ, ಮನೆ, ಆಭರಣ, ಬೆಳಕು ಎಲ್ಲವನ್ನೂ ಕೊಡುತ್ತಿದ್ದುವು. ಅಲ್ಲಿಯ ಜನರಿಗೆ ದುಡಿಮೆಯಿಲ್ಲ, ರೋಗವಿಲ್ಲ, ಜಗಳವಿಲ್ಲ. ಗಂಡುಹೆಣ್ಣುಗಳು ಅವಳಿಗಳಾಗಿ ಹುಟ್ಟಿ ದಂಪತಿಗಳಾಗಿ ಬಾಳಿ, ತಮಗೆ ಮಕ್ಕಳು ಹುಟ್ಟಿದ ಒಡನೆಯೇ ನೋವಿಲ್ಲದೆ ಸಾಯುತ್ತಿದ್ದರು. ಇಷ್ಟು ಸುಖವಿದ್ದ ಆ ಕಾಲದಲ್ಲಿ ಮೋಕ್ಷವು ಮಾತ್ರ ಇರಲಿಲ್ಲ. ವ್ರತಸಂಯಮಗಳು ಅಲ್ಲಿ ಸಾಧ್ಯವಿಲ್ಲವೆಂಬುದು ಸಿದ್ಧಾಂತ. ಇದು ಬರಿಯ ಮತಸಿದ್ಧಾಂತವಲ್ಲ. ಗಂಭೀರವಾದ ಮಾನವಸತ್ಯವೂ ಇದರಲ್ಲಿ ಅಡಗಿದೆ. ಕೆಡುಕನ್ನು ಮಾಡಲು ಅವಕಾಶವಿಲ್ಲದವನ ಒಳ್ಳೆಯತನವು ಅವನ ಗಳಿಕೆಯಲ್ಲ. ಬಿಡುವುದಕ್ಕೆ ಏನಾದರೊಂದು ಇದ್ದಾಗಲೇ ತ್ಯಾಗವು, ಕಳೆದುಕೊಳ್ಳುವ ಭಯವಿದ್ದಾಗಲೇ ಧೈರ್ಯವು.

ಮೂರನೆಯ ಕಾಲದ ಕೊನೆಗೆ ಕಲ್ಪವೃಕ್ಷಗಳು ಕಾಂತಿಗುಂದಲಾರಂಭಿಸುವುವು. ಆಗ ನಡೆಯುವ ಘಟನೆಗಳನ್ನು ಪುರಾಣಕಥೆಯು ಬಹು ಸೂಕ್ಷ್ಮವಾಗಿ ಪೋಣಿಸಿದೆ. ಬೆಳಕನ್ನು ಕೊಡುತ್ತಿದ್ದ ಮರಗಳು ಮಂಕಾದುದರಿಂದ ಒಂದು ಹುಣ್ಣಿಮೆಯ ಸಂಜೆ ಆಕಾಶದಲ್ಲಿ ಸೂರ್ಯಚಂದ್ರರು ಮೊದಲ ಸಲ ಕಾಣಿಸಿದರು. ಜನರು ಬೆದರಿ ಪ್ರತಿಶ್ರುತಿಯೆಂಬ ಮೊದಲ ಕುಲಕರನ ಬಳಿಗೆ ಓಡಿದರು. ಅವನು, ಸೂರ್ಯಚಂದ್ರರು ಹೊಸಬರಲ್ಲ, ಅವರು ಎಂದೆಂದಿಗೂ ಅಲ್ಲಿಯೇ ಇದ್ದವರು, ಮರಗಳ ಬೆಳಕು ಅವರನ್ನು ಮರೆಮಾಡಿತ್ತು ಎಂದು ಸಮಾಧಾನ ಹೇಳಿದನು. ಮುಂದೆ ಮೃಗಗಳು ಕ್ರೂರವಾದುವು, ಉಳಿದ ಮರಗಳಿಗಾಗಿ ಜಗಳಗಳು ಹುಟ್ಟಿದುವು, ಎಲ್ಲೆಗಳನ್ನು ಹಾಕಬೇಕಾಯಿತು. ಮತ್ತೂ ಮುಂದೆ, ತಂದೆತಾಯಿಗಳು ಸಾಯುವ ಮುನ್ನ ತಮ್ಮ ಮಕ್ಕಳ ಮುಖವನ್ನು ನೋಡುವಂತಾಯಿತು. ಅದನ್ನು ಕಂಡೂ ಅವರು ಮೊದಲು ಹೆದರಿದರು.

ಈ ಎರಡು ಭಯಗಳು ವಿಚಾರಾರ್ಹವಾಗಿವೆ. ಕಾಲವು ಇಳಿಯುತ್ತಿದೆ, ಲೋಕವು ಕೆಡುತ್ತಿದೆ. ಆ ಕೆಡುವಿಕೆಯಿಂದಲೇ ಸೂರ್ಯನು ಕಾಣಿಸಿದನು, ಆ ಕೆಡುವಿಕೆಯಿಂದಲೇ ತಾಯಿಯು ಮಗುವಿನ ಮುಖವನ್ನು ಕಂಡಳು. ಹಾನಿಯೂ ಲಾಭವೂ ಒಂದೇ ಗಳಿಗೆಯಲ್ಲಿ ಹುಟ್ಟಿದುವು. ತಪ್ಪು ಮಾಡಿದವನಿಗೆ ಮೊದಲ ಐವರು ಕುಲಕರರು ‘ಹಾ’ ಎಂದು ಮರುಗುವುದನ್ನೇ ದಂಡನೆಯಾಗಿ ಇಟ್ಟರು. ಮುಂದಿನ ಐವರು ‘ಮಾ’ ಎಂಬ ನಿಷೇಧವನ್ನು ಸೇರಿಸಿದರು. ಕೊನೆಯವರು ‘ಧಿಕ್’ ಎಂಬ ಧಿಕ್ಕಾರವನ್ನು ಸೇರಿಸಿದರು. ಭರತನ ಕಾಲಕ್ಕೆ ಬಂಧನವೂ ವಧೆಯೂ ಬೇಕಾದುವು. ಮರುಕದ ಒಂದು ಅಕ್ಷರದಿಂದ ಸೆರೆಮನೆಯವರೆಗಿನ ಈ ಇಳಿತದಲ್ಲಿ ಮನುಷ್ಯಸಮಾಜದ ಚರಿತ್ರೆಯೇ ಸಂಗ್ರಹವಾಗಿದೆ. ಇದೇ ಇಳಿತದ ನಡುವೆ ಕೊನೆಯ ಕುಲಕರನಾದ ನಾಭಿರಾಜನ ಮಗನಾಗಿ ವೃಷಭನು ಹುಟ್ಟಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಕಲಿಸಿದನು. ಮರವು ಕೊಡದುದನ್ನು ಕೈಯಿಂದ ಗಳಿಸಬೇಕಾದ ಕರ್ಮಭೂಮಿಯು ಮೊದಲಾಯಿತು. ಮೋಕ್ಷದ ಬಾಗಿಲೂ ಆಗಲೇ ತೆರೆಯಿತು.

೪

ಕಲ್ಪವೃಕ್ಷವು ಕಂದುವುದು, ಕಂದಿದಾಗ ಕಣ್ಣು ತೆರೆಯುವುದು: ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾವ್ಯದ ಪೂರ್ವಭಾಗವನ್ನು ನೋಡಿದರೆ ಅದೇ ಕ್ರಮವು ಒಬ್ಬ ಜೀವನ ಭವಾವಳಿಯಲ್ಲಿ ಮತ್ತೆ ಮತ್ತೆ ನಡೆಯುವುದು ಕಾಣುವುದು. ಅಳಕಾಪುರದ ಮಹಾಬಲನು ಭೋಗದಲ್ಲಿ ಮುಳುಗಿರುವಾಗ ಅವನಿಗೆ ಉಳಿದಿರುವ ಆಯುಷ್ಯವು ಒಂದೇ ತಿಂಗಳೆಂದು ಮಂತ್ರಿಯಾದ ಸ್ವಯಂಬುದ್ಧನಿಂದ ತಿಳಿಯುವುದು; ಆ ಒಂದು ತಿಂಗಳು ಅವನಿಗೆ ಸಾಕಾಗುವುದು. ಮುಂದೆ ಅವನೇ ಲಲಿತಾಂಗನೆಂಬ ದೇವನಾಗಿ ಹುಟ್ಟಿ ಸ್ವಯಂಪ್ರಭೆಯೊಡನೆ ಮೈಮರೆತಿರುವಾಗ ಕೊರಳ ಮಾಲೆಯು ಬಾಡುವುದು. ಸ್ವರ್ಗದ ಬಾಳು ಮುಗಿಯಿತೆಂಬುದಕ್ಕೆ ಅದು ಗುರುತು. ದೇವನ ಆ ದುಃಖವನ್ನು ಪಂಪನು ಮನುಷ್ಯದುಃಖದಷ್ಟೇ ಹತ್ತಿರವಾಗುವಂತೆ ಚಿತ್ರಿಸಿರುವನು.

ಈ ಚಿತ್ರದ ದಿಟ್ಟತನವು ತಿಳಿಯಬೇಕಾದರೆ ಅಂದಿನ ಕನ್ನಡ ಜನರಿಗೆ ಸ್ವರ್ಗವೆಂದರೆ ಏನಾಗಿದ್ದಿತೆಂಬುದನ್ನು ನೆನೆಯಬೇಕು. ಬೆಂಗಳೂರಿನ ಉತ್ತರಭಾಗದ ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಇದಕ್ಕೆ ಒಳ್ಳೆಯ ಸಾಕ್ಷಿ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ, ಈ ಶಾಸನದಲ್ಲಿ ಆ ಪ್ರದೇಶಕ್ಕೆ ಪೆರ್ಬೊಳಲ್ ನಾಡು ಮೂವತ್ತು ಎಂಬ ಹೆಸರಿದೆ. ಊರಿನ ಮೇಲೆ ಬಿದ್ದವರೊಡನೆ ಹೋರಿ ಮಡಿದ ಕಿತ್ತಯನೆಂಬ ವೀರನು ಇಂದ್ರಪುರಕ್ಕೆ ಸಂದನೆಂಬುದು ಅದರ ಸಾರಾಂಶ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಪರಿಚಿತವಾದ ಮಾತು ಇದು: ಪ್ರಾಣವನ್ನು ಕೊಟ್ಟವನಿಗೆ ಇಂದ್ರಲೋಕವೇ ಪರಮಪದ. ಪಂಪನು ಸ್ವತಃ ಯೋಧ. ಈ ನಂಬುಗೆಯ ನಡುವೆಯೇ ಬೆಳೆದವನು. ಅಂತಹವನು ಇಂದ್ರಲೋಕದ ಮಾಲೆಯೂ ಬಾಡುವುದೆಂದು ಹೇಳುವಾಗ ವೀರನ ತ್ಯಾಗವನ್ನು ಅಲ್ಲಗಳೆಯುತ್ತಿಲ್ಲ. ಪ್ರತಿಫಲದ ಕಲ್ಪನೆಯನ್ನು ಮಾತ್ರ ಪರೀಕ್ಷಿಸುತ್ತಿರುವನು. ಸುಕೃತಕ್ಕೆ ಬಂದ ಸುಖವೂ ಚಕ್ರದ ಒಂದು ಅರ. ಅದು ಚಕ್ರದ ಹೊರಗಲ್ಲ.

ಲಲಿತಾಂಗನು ವಜ್ರಜಂಘನಾಗಿ, ಸ್ವಯಂಪ್ರಭೆಯು ಶ್ರೀಮತಿಯಾಗಿ ಮತ್ತೆ ಹುಟ್ಟಿ ಕೂಡಿ, ಶಯ್ಯಾಗೃಹದ ಧೂಪದ ಹೊಗೆಯಿಂದ ಉಸಿರುಕಟ್ಟಿ ಒಟ್ಟಿಗೆ ಸಾಯುವರು. ಮುನಿಗಳಿಗೆ ಕೊಟ್ಟ ದಾನದ ಫಲವಾಗಿ ಅವರು ಉತ್ತರಕುರುವಿನ ಭೋಗಭೂಮಿಯಲ್ಲಿ ಹುಟ್ಟುವರು. ಅಲ್ಲಿ ಅವರಿಗೆ ಸಮ್ಯಕ್ತ್ವವನ್ನು ಬೋಧಿಸಲು ಚಾರಣಮುನಿಗಳು ಆಕಾಶಮಾರ್ಗದಿಂದ ಇಳಿದುಬರಬೇಕಾಗುವುದು. ಅವರಲ್ಲೊಬ್ಬನು ಹಿಂದೆ ಸ್ವಯಂಬುದ್ಧನಾಗಿದ್ದವನು. ಏನೂ ಕೊರತೆಯಿಲ್ಲದ ನಾಡಿನಲ್ಲಿ ಎಚ್ಚರವು ಒಳಗಿನಿಂದ ಹುಟ್ಟಲಾರದು, ಹಳೆಯ ಸ್ನೇಹವೊಂದು ಹೊರಗಿನಿಂದ ಅದನ್ನು ತರಬೇಕು ಎಂಬ ಭಾವವು ಇಲ್ಲಿ ಸ್ಫುಟವಾಗಿದೆ.

ಈ ಹಿನ್ನೆಲೆಯಲ್ಲಿ ನೀಲಾಂಜನೆಯ ನೃತ್ಯವು ಹೊಸ ಅರ್ಥವನ್ನು ಪಡೆಯುವುದು. ೮೪ ಲಕ್ಷ ಪೂರ್ವಗಳ ಆಯುಷ್ಯದಲ್ಲಿ ೮೩ ಲಕ್ಷ ಪೂರ್ವಗಳು ಕಳೆದರೂ ವೃಷಭನಾಥನಿಗೆ ವೈರಾಗ್ಯವು ಮೂಡದಿರಲು, ಇಂದ್ರನು ಆಯುಷ್ಯ ತೀರಲಿರುವ ಅಪ್ಸರೆಯನ್ನು ಆರಿಸಿ ಕುಣಿಸುವನು. ನಡುನೃತ್ಯದಲ್ಲಿ ಅವಳು ಮಿಂಚಿನಂತೆ ಮಾಯವಾಗಲು ಇಂದ್ರನು ಒಡನೆಯೇ ಮತ್ತೊಬ್ಬಳನ್ನು ಅವಳ ಎಡೆಯಲ್ಲಿ ನಿಲ್ಲಿಸುವನು. ಸಭೆಗೆ ಭೇದವು ತಿಳಿಯುವುದಿಲ್ಲ, ಆದಿದೇವನೊಬ್ಬನಿಗೆ ತಿಳಿಯುವುದು. ಕಲ್ಪವೃಕ್ಷದ ಕಾಂತಿ, ಲಲಿತಾಂಗನ ಮಾಲೆ, ನೀಲಾಂಜನೆಯ ದೇಹ, ಈ ಮೂರೂ ಒಂದೇ ಬಗೆಯಲ್ಲಿ ಮರೆಯಾಗುವುವು. ಆದರೆ ಮೊದಲಿನದು ಕಣ್ಮರೆಯಾಗುವಾಗ ಲೋಕವೆಲ್ಲವೂ ಬೆದರಿತು. ಎರಡನೆಯದನ್ನು ಅನುಭವಿಸಿದವನು ಅತ್ತನು. ಮೂರನೆಯದನ್ನು ಕಂಡವನು ಎಚ್ಚತ್ತನು. ಭಯದಿಂದ ದುಃಖಕ್ಕೆ, ದುಃಖದಿಂದ ಅರಿವಿಗೆ ಆತ್ಮವು ಏರಿದೆ. ಹೊರಗೆ ಕಾಲವು ಇಳಿಯುತ್ತಿರುವಾಗಲೇ ಒಳಗೆ ಈ ಏರಿಕೆಯು ನಡೆಯಿತೆಂಬುದು ಆದಿಪುರಾಣದ ಮುಖ್ಯ ರಹಸ್ಯ.

೫

ಎರಡನೆಯ ಚಕ್ರವು ಭರತನದು. ಅವನಿಗೆ ಒಮ್ಮೆಗೇ ಮೂರು ಸುದ್ದಿಗಳು ಬರುವುವು: ತಂದೆಗೆ ಕೇವಲಜ್ಞಾನವಾಯಿತು, ಮಗನು ಹುಟ್ಟಿದನು, ಆಯುಧಶಾಲೆಯಲ್ಲಿ ಚಕ್ರರತ್ನವು ಮೂಡಿತು. ಯಾವುದನ್ನು ಮೊದಲು ಮನ್ನಿಸಬೇಕೆಂಬುದನ್ನು ವಿಚಾರಿಸಿ ಅವನು ಮೊದಲು ತಂದೆಯ ಪೂಜೆಗೆ ಹೋಗುವನು. ಆದುದರಿಂದ ಭರತನು ದುಷ್ಟನಲ್ಲ, ಕ್ರಮವನ್ನು ಬಲ್ಲವನೇ. ಹಾಗಿದ್ದರೂ ದಿಗ್ವಿಜಯದುದ್ದಕ್ಕೂ ಚಕ್ರವು ಮುಂದೆ ಹೋಗುವುದು, ಅವನು ಅದರ ಹಿಂದೆ ಹೋಗುವನು.

ಜಯದ ತುದಿಯಲ್ಲಿ ವೃಷಭಾಚಲವಿದೆ. ತನ್ನ ಕೀರ್ತಿಯನ್ನು ಅದರ ಮೇಲೆ ಬರೆಯಿಸಬೇಕೆಂದು ಬಂದ ಭರತನಿಗೆ ಬೆಟ್ಟದಲ್ಲೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿರುವುದು ಕಾಣುವುದು. ತಾನೇ ಮೊದಲಿಗನೆಂಬ ಗರ್ವವು ಅಲ್ಲಿ ಮುರಿಯುವುದು. ಕಾಲಚಕ್ರವು ಎಷ್ಟು ಸಲ ತಿರುಗಿದೆಯೆಂಬ ಶಾಸ್ತ್ರದ ಲೆಕ್ಕವು ಇಲ್ಲಿ ಬಂಡೆಯ ಮೇಲಣ ಅಕ್ಷರವಾಗಿ ಕಣ್ಣಿಗೆ ಬೀಳುವುದು; ಶಾಸ್ತ್ರವು ಕಾವ್ಯವಾಗುವುದೆಂದರೆ ಇದೇ. ಗರ್ವವು ಮುರಿದರೂ ಆಸೆಯು ಮುರಿಯಲಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ ಭರತನು ತನ್ನದನ್ನು ಬರೆಯಿಸುವನು. ಹೆಬ್ಬಾಳದ ಕಲ್ಲನ್ನು ಇದರ ಎದುರಿಗೆ ಇಟ್ಟು ನೋಡಬಹುದು. ಕಿತ್ತಯನ ಹೆಸರನ್ನು ಇತರರು ಬರೆಯಿಸಿದರು, ಯಾರ ಹೆಸರನ್ನೂ ಅಳಿಸದೆ. ಆ ಕಲ್ಲೂ ಮಣ್ಣಿನಲ್ಲಿ ಮರೆಯಾಗಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಗುರುತಿಗೆ ಬಂದಿತು. ಕಾಲವು ಇಬ್ಬರಿಗೂ ಒಂದೇ. ಒಳಿತು ಕೆಡುಕುಗಳ ಭೇದವು ಕಾಲದಲ್ಲಿಲ್ಲ, ಬರೆಯಿಸಿದ ಕೈಯಲ್ಲಿದೆ.

ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುವುದು; ತಮ್ಮಂದಿರು ಇನ್ನೂ ಎರಗಿಲ್ಲ. ಬಾಹುಬಲಿಯೊಬ್ಬನು ಹೊರತು ಉಳಿದವರು ತಂದೆಯ ಬಳಿಗೆ ಹೋಗಿ ದೀಕ್ಷೆಯನ್ನು ಪಡೆಯುವರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋತ ಭರತನು ರೋಷದಿಂದ ತಮ್ಮನ ಮೇಲೆ ಚಕ್ರವನ್ನು ಬಿಡುವನು. ಅದು ಬಾಹುಬಲಿಯನ್ನು ಬಲವಂದು ಸುಮ್ಮನೆ ನಿಲ್ಲುವುದು. ಕರ್ಮಭೂಮಿಯ ಈ ದೊಡ್ಡ ಪಾಪವು ಶತ್ರುವಿನ ಮನೆಯಿಂದ ಬರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಅಸಿಯನ್ನು ಕಲಿಸಿದ ಕರುಣಾಳುವಿನ ಮನೆಯಲ್ಲಿಯೇ, ಅವನ ಹಿರಿಯ ಮಗನ ಕೈಯಿಂದಲೇ, ಕಿರಿಯವನ ಮೇಲೆ ಆಯುಧವು ಬಿದ್ದಿತು. ಗೆದ್ದವನು ಗೆದ್ದುದನ್ನು ಬಿಟ್ಟು ತಪಸ್ಸಿಗೆ ನಿಂತನು. ಒಂದು ವರ್ಷ ನಿಂತರೂ ಅಣ್ಣನನ್ನು ಕುರಿತ ಎಳೆಯ ಕೊರಗೊಂದು ಉಳಿದಿತ್ತೆಂದೂ, ಭರತನು ಬಂದು ಪೂಜಿಸಿದಾಗಲೇ ಅದು ಕಳೆದು ಕೇವಲಜ್ಞಾನವಾಯಿತೆಂದೂ ಕಥೆಯು ಹೇಳುವುದು. ಕೆಡುಕು ಎರಡು ಹೃದಯಗಳ ನಡುವೆ ಹುಟ್ಟಿತು. ಅದು ಕರಗಬೇಕಾದರೂ ಎರಡು ಹೃದಯಗಳೂ ಬೇಕಾದುವು.

ಮೂರನೆಯದು ಧರ್ಮಚಕ್ರ. ಆದಿದೇವನು ವಿಹಾರ ಮಾಡುವಾಗ ಅದೂ ಮುಂದೆ ಹೋಗುವುದು. ಒಂದು ಚಕ್ರದ ಹಿಂದೆ ಸೇನೆ, ಇನ್ನೊಂದರ ಹಿಂದೆ ದೇವಮಾನವಪಶುಗಳು ಒಟ್ಟಿಗೆ ಕುಳಿತು ಕೇಳುವ ಸಮವಸರಣ. ಭರತನ ಚಕ್ರವು ಷಟ್ಖಂಡಗಳನ್ನು ಗೆದ್ದು ಒಂದು ಮನೆಯ ಬಾಗಿಲಲ್ಲಿ ನಿಂತಿತು. ಧರ್ಮಚಕ್ರವು ಏನನ್ನೂ ಗೆಲ್ಲದೆ ಎಲ್ಲಿಯೂ ನಿಲ್ಲದೆ ಹೋಯಿತು. ಮನುಷ್ಯಕುಲವೆಲ್ಲ ಒಂದೇ, ಭೇದವು ವೃತ್ತಿಯಿಂದ ಬಂದುದೆಂಬ ಅರ್ಥದ ಪ್ರಸಿದ್ಧವಾದ ಮಾತು ಈ ಕಾವ್ಯದಲ್ಲಿಯೇ ಇರುವುದು ಆಕಸ್ಮಿಕವಲ್ಲ.

೬

ಇಷ್ಟಾದರೂ ಎರಡು ಆಕ್ಷೇಪಗಳಿಗೆ ಉತ್ತರವು ಬೇಕು. ಚಕ್ರವು ತಾನಾಗಿಯೇ ಇಳಿದು ತಾನಾಗಿಯೇ ಏರುವುದಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇನು ಎಂಬುದು ಮೊದಲನೆಯದು. ಜೈನಶಾಸ್ತ್ರಕಾರರು ಕಾಲವನ್ನು ನಿಮಿತ್ತವೆಂದು ಮಾತ್ರ ಎಣಿಸಿ ಕುಂಬಾರನ ತಿಗರಿಯ ದೃಷ್ಟಾಂತವನ್ನು ಕೊಡುವರು. ತಿಗರಿಯ ಅಡಿಗಲ್ಲು ತಿಗರಿಯು ತಿರುಗುವುದಕ್ಕೆ ಆಧಾರ. ಆದರೆ ಅದು ತಿರುಗಿಸುವುದಿಲ್ಲ, ಮಡಕೆಯ ಆಕಾರವನ್ನು ನಿಶ್ಚಯಿಸುವುದೂ ಇಲ್ಲ. ಒಂದೇ ಕಾಲದಲ್ಲಿ, ಒಂದೇ ತಂದೆಯ ಮಕ್ಕಳಲ್ಲಿ, ಒಬ್ಬನು ಚಕ್ರವನ್ನು ಎಸೆದನು, ಇನ್ನೊಬ್ಬನು ರಾಜ್ಯವನ್ನು ಬಿಟ್ಟನು. ಪಂಪನ ಕಥೆಯೇ ಆಕ್ಷೇಪಕ್ಕೆ ಉತ್ತರವಾಗಿದೆ.

ಎರಡನೆಯ ಆಕ್ಷೇಪವು ಹೆಚ್ಚು ಕಠಿನವಾದುದು. ಮಹಾವೀರನು ನಿರ್ವಾಣವನ್ನು ಹೊಂದಿ ಮೂರು ವರ್ಷ ಎಂಟೂವರೆ ತಿಂಗಳಾದ ಬಳಿಕ ಐದನೆಯ ಕಾಲವು ಮೊದಲಾಯಿತು. ಅದರ ೨೧,೦೦೦ ವರ್ಷಗಳಲ್ಲಿ ಸುಮಾರು ಎರಡೂವರೆ ಸಾವಿರ ಮಾತ್ರ ಕಳೆದಿವೆ. ಈ ಕಾಲದಲ್ಲಿ ಭರತಕ್ಷೇತ್ರದಿಂದ ಮೋಕ್ಷವಿಲ್ಲವೆಂಬುದು ಸಿದ್ಧಾಂತ. ಹಾಗಾದರೆ ಪಂಪನು ಯಾರಿಗಾಗಿ ಬರೆದನು? ಈ ಪ್ರಶ್ನೆಯನ್ನು ಅವನು ನೇರವಾಗಿ ಎತ್ತಿಕೊಳ್ಳಲಿಲ್ಲವೆಂಬುದು ಕಾವ್ಯದ ಒಂದು ಕೊರತೆಯೆಂದೇ ಹೇಳಬೇಕು. ಸಮವಸರಣಾದಿ ವರ್ಣನೆಗಳಲ್ಲಿ ಜಿನಸೇನಾಚಾರ್ಯರ ಪೂರ್ವಪುರಾಣವನ್ನು ಅವನು ಬಹು ವಿಧೇಯನಾಗಿ ಹಿಂಬಾಲಿಸಿರುವುದೂ ಅಂತಹುದೇ ಇನ್ನೊಂದು ಕೊರತೆ. ಆದರೆ ಉತ್ತರದ ಬೀಜವು ಕಥೆಯಲ್ಲಿಯೇ ಇದೆ. ಐದನೆಯ ಕಾಲದ ಕೊನೆಯ ದಿನದವರೆಗೂ ಒಬ್ಬ ಮುನಿ, ಒಬ್ಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಉಳಿದಿರುವರೆಂದು ಪರಂಪರೆಯು ನಂಬಿದೆ. ಬಾಗಿಲು ಮುಚ್ಚಿದ್ದರೂ ದಾರಿಯು ಅಳಿದಿಲ್ಲ. ಮಹಾಬಲನಿಗೆ ಒಂದು ತಿಂಗಳು ಸಾಕಾದುದನ್ನು ಕೇಳಿದವನು ತನ್ನ ಕಾಲವು ಕೆಟ್ಟದೆಂದು ಕೈಕಟ್ಟಿ ಕೂರಲಾರನು. ವಿಷ್ಣುಪುರಾಣದಲ್ಲಿ ವ್ಯಾಸನು ಗಂಗೆಯಲ್ಲಿ ಮುಳುಗೆದ್ದು ಕಲಿಯುಗವನ್ನೇ ಕೊಂಡಾಡುವನು. ಇತರ ಯುಗಗಳಲ್ಲಿ ಬಹುಕಾಲದ ಶ್ರಮದಿಂದ ದೊರೆಯುವುದು ಅದರಲ್ಲಿ ಅಲ್ಪಕಾಲದಲ್ಲಿ ದೊರೆಯುವುದೆಂಬುದು ಕಾರಣ. ದಾಸರು ನಾಮಸ್ಮರಣೆಯನ್ನು ಜನರ ಬಳಿಗೆ ತಂದುದೂ ಈ ಭರವಸೆಯಿಂದಲೇ. ಮತಗಳು ಬೇರೆಯಾದರೂ, ಕೆಳಗಿನ ಮೆಟ್ಟಲಲ್ಲಿ ನಿಂತವನಿಗೂ ಆಸರೆಯುಂಟೆಂಬ ನಂಬುಗೆಯು ಒಂದೇ.

ಕೆಡುಕನ್ನು ನಾಶಮಾಡುವುದಕ್ಕಿಂತ ಎಚ್ಚರಗೊಳಿಸುವುದು ಹಿರಿದೆಂಬ ಈ ದೃಷ್ಟಿಯು ಕನ್ನಡದಲ್ಲಿ ಪಂಪನೊಡನೆ ಮುಗಿಯಲಿಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ಸೀತೆಯು ಮೂರ್ಛೆಹೋದುದನ್ನು ಕಂಡು ರಾವಣನು ಪಶ್ಚಾತ್ತಾಪಪಡುವನು, ಬಿ. ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತನಾಯಕನ ಲಕ್ಷಣವನ್ನು ಗುರುತಿಸಿದರು. ಅಂತಹ ರಾವಣನು ಭವಾಂತರಗಳಲ್ಲಿ ತೊಳಲಿ ಮುಂದೊಮ್ಮೆ ತೀರ್ಥಂಕರನಾಗುವನೆಂದು ಜೈನರಾಮಾಯಣಪರಂಪರೆಯು ಹೇಳುವುದು. ಚಕ್ರದ ದೀರ್ಘತೆಯು ಇಲ್ಲಿ ಕರುಣೆಯ ದೀರ್ಘತೆಯಾಗಿದೆ. ೧೯೪೯ರಲ್ಲಿ ಪ್ರಕಟವಾದ ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಕಾವ್ಯದಲ್ಲಿಯೂ ರಾವಣನು ಕನಸಿನಲ್ಲಿ ಸೀತೆಯ ಮಡಿಲ ಶಿಶುವಾಗಿ ತನ್ನನ್ನು ಕಂಡು ಬೇರೊಬ್ಬನಾಗುವನು. ಕುವೆಂಪು ಅವರ ದರ್ಶನದಲ್ಲಿ ಲೋಕವೇ ಮೇಲಕ್ಕೇರುವುದು. ಪಂಪನ ದರ್ಶನದಲ್ಲಿ ಲೋಕವು ಇಳಿಯುತ್ತಿರುವಾಗ ಆತ್ಮವೊಂದೇ ಏರಬೇಕು. ಇವುಗಳಲ್ಲಿ ಎರಡನೆಯದು ಹೆಚ್ಚು ಕಠೋರವಾದುದು. ಒಳ್ಳೆಯ ಕಾಲವನ್ನು ಕಾಯುತ್ತ ಕೂರುವುದಕ್ಕೆ ಅದು ಯಾರಿಗೂ ಅವಕಾಶವನ್ನು ಕೊಡುವುದಿಲ್ಲ.

ಆದಿಪುರಾಣವನ್ನು ಇನ್ನು ಮುಂದೆ ಪಾಠಕ್ಕೆ ಆರಿಸುವವರು ನೀಲಾಂಜನೆಯ ನೃತ್ಯದೊಡನೆ, ಮರಗಳು ಮಂಕಾಗಿ ಸೂರ್ಯನು ಕಾಣಿಸಿದ ಆ ಸಂಜೆಯನ್ನೂ ಸೇರಿಸುವುದು ಉಚಿತ. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗಿ ಅರ್ಥವಾಗಲಾರದು.